ಎರವಿನ ಕಣ್ಣು

ಸ್ಟುಡಿಯೋ ಕಾಕಾರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ಹುಟ್ಟಿನಿಂದ ಹಾಗಿರಲಿಲ್ಲವಂತೆ. ನಲವತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿ, ಎಡಗಣ್ಣನ್ನು ಮುಚ್ಚಿ ಮುಚ್ಚಿ, ಆ ಕಡೆಯ ರೆಪ್ಪೆ ಅರ್ಧಕ್ಕೆ ಇಳಿದು ಅಲ್ಲಿಯೇ ನಿಂತುಬಿಟ್ಟಿತ್ತು. ಕಣ್ಣಿನ ಮೂಲೆಯಿಂದ ಕಿವಿಯವರೆಗೂ ನೆರಿಗೆ. ಯಾರಾದರೂ ಮನಸ್ಸಿಗೆ ತಾಗುವಂಥದ್ದು ಹೇಳಿದರೆ, ಕೈಯಲ್ಲಿ ಕ್ಯಾಮೆರಾ ಇಲ್ಲದಿದ್ದರೂ ಆ ಕಣ್ಣು ತಾನಾಗಿ ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಹೊಸಬರು ‘ಇದೇನು, ಮುದುಕ ಕಣ್ಣು ಹೊಡೆಯುತ್ತಾನಲ್ಲ’ ಎಂದು ಗಾಬರಿಯಾಗುತ್ತಿದ್ದರು. ಕಾಕಾ ಕಿವಿಗೊಟ್ಟು ಕೇಳುವ ರೀತಿಯೇ ಅದು ಎಂದು ತಿಳಿಯಬೇಕಾದರೆ ನಾಲ್ಕು ಸಲವಾದರೂ ಆ ಸ್ಟುಡಿಯೋದ ಬೆಂಚಿನ ಮೇಲೆ ಕೂತಿರಬೇಕಿತ್ತು.

ನಾನು ನಾಲ್ಕಲ್ಲ, ನಾಲ್ಕು ನೂರು ಸಲ ಕೂತವಳು. ಅಕ್ಕಿಆಲೂರಿನ ಬಸ್ ನಿಲ್ದಾಣದ ಎದುರಿಗೆ, ಅಕ್ಕಿ ಗಿರಣಿಗೆ ಹೋಗುವ ಸಂದಿಯ ಬಾಯಲ್ಲೇ ಅವರ ಸ್ಟುಡಿಯೋ. ನಮ್ಮ ಹಳ್ಳಿಗೆ ಹೋಗುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೈಸ್ಕೂಲು ಬಿಟ್ಟ ಮೇಲೆ ಅದನ್ನು ಕಾಯಲು ಹೆಣ್ಣುಮಕ್ಕಳಿಗೆ ನೆರಳಿದ್ದ ಜಾಗ ಅದೊಂದೇ. ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ಊರೆಲ್ಲ ಕಾಕಾ ಅನ್ನುತ್ತಿತ್ತು, ನಾವೂ ಅಂದೆವು. ಒಳಗಿನ ಮನೆಯಿಂದ ಅವರ ಹೆಂಡತಿ, ನಮಗೆಲ್ಲ ಕಾಕು, ಚುರುಮುರಿ ತಂದು ನಮ್ಮ ಮಡಿಲಿಗೆ ಸುರಿದು ಹೋಗುತ್ತಿದ್ದಳು. ಕಾಕಾ ಗಾಜಿನ ಹಿಂದಿನಿಂದ, “ತಿನ್ರಿ ತಿನ್ರಿ, ಆದ್ರ ಎಣ್ಣಿ ಕೈ ನನ್ನ ಪರದೆಕ್ಕ ಒರಸಿದ್ರಂದ್ರ ನಿಮ್ಮ ಮದವಿ ಫೋಟೋದಾಗ ಎಲ್ಲಾರ ಮೂಗೂ ಸೊಟ್ಟ ಮಾಡ್ತೇನಿ” ಎಂದು ಹೆದರಿಸುತ್ತಿದ್ದರು.

ಮದುವೆಗಳ ಫೋಟೋವನ್ನು ಅವರು ತೆಗೆಯುತ್ತಿದ್ದರು ನಿಜ. ಆದರೆ ಅವರ ಹೆಸರು ಹೋಗಿದ್ದು ಇನ್ನೊಂದು ಕೆಲಸಕ್ಕೆ. ನಮ್ಮ ಕಡೆಯ ಬಹಳ ಮನೆಗಳಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹೊಸ ಬಟ್ಟೆ, ಹೂವಿನ ಹಾರ, ಗದ್ದ ಜಾರದಂತೆ ಒಂದು ಪಟ್ಟಿ, ತಲೆ ವಾಲದಂತೆ ಹಿಂದಿನಿಂದ ಹಿಡಿದುಕೊಳ್ಳಲು ಒಬ್ಬರು. ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ ಆಗಬೇಕು. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳದವರೇ ಹೆಚ್ಚಾಗಿದ್ದ ಕಾಲದಲ್ಲಿ, ಗೋಡೆಗೆ ಹಾಕಲು ಉಳಿಯುವುದು ಅದೊಂದೇ. ಆ ಫೋಟೋಕ್ಕೆ ಮಾಸೂರಿನಿಂದ, ಅಬಲೂರಿನಿಂದ, ಒಮ್ಮೊಮ್ಮೆ ಸವಣೂರಿನಿಂದಲೂ ಕಾಕಾರಿಗೆ ಕರೆ ಬರುತ್ತಿತ್ತು. ಏಕೆಂದರೆ ಅವರು ಮುಚ್ಚಿದ ಕಣ್ಣನ್ನು ತೆರೆಸಿ ಕೊಡುತ್ತಿದ್ದರು. ಹತ್ತು ದಿನ ಬಿಟ್ಟು ಚೌಕಟ್ಟು ಹಾಕಿಸಿದ ಫೋಟೋ ಮನೆಗೆ ಬಂದರೆ, ಸತ್ತ ಅಜ್ಜ ಕಣ್ಣು ಬಿಟ್ಟು ಎಲ್ಲರನ್ನೂ ನೋಡುತ್ತ ಕೂತಿರುತ್ತಿದ್ದ. ಹೇಗೆ ಮಾಡುತ್ತಾರೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದವರಿಗೆ “ಬ್ರಷ್‌ಲೇ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ಎರಡೂ ಕೆಲಸ ಒಬ್ಬರೇ ಮಾಡಿದರೆ ಒಂದು ಇನ್ನೊಂದರೊಳಗೆ ಸೇರಿಕೊಳ್ಳದೆ ಇರುತ್ತದೆಯೇ? ಒಮ್ಮೆ ಒಂದೇ ವಾರದಲ್ಲಿ ಮೂರು ಸಾವಿನ ಮನೆಗೆ ಹೋಗಿ ಬಂದವರು ಸವಣೂರಿನ ಒಂದು ಮದುವೆಗೆ ಹೋದರಂತೆ. ವರನ ಅಜ್ಜನನ್ನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂಡಿಸಿದ್ದರು. ಕಾಕಾ ಕ್ಯಾಮೆರಾದೊಳಗಿಂದ ನೋಡುತ್ತಲೇ, “ಅಜ್ಜಾರ ಗದ್ದ ಯಾರರ ಒಬ್ಬರು ಎತ್ತಿ ಹಿಡೀರಿ, ವಾಲಾಕತ್ತೈತಿ” ಅಂದುಬಿಟ್ಟರು. ಮದುವೆಯ ಹಂದರಕ್ಕೆ ಹಂದರವೇ ಸುಮ್ಮನಾಯಿತು. ಕೊನೆಗೆ ಅಜ್ಜನೇ, “ಸದ್ಯಕ್ಕ ನನ್ನ ಗದ್ದ ನಾನ ಹಿಡ್ಕೊಂಡೇನಿ ತಮ್ಮಾ. ನೀ ಒತ್ತು” ಅಂದನಂತೆ. ಬರುವಾಗ ಆ ಅಜ್ಜನೇ ತಿನ್ನಲು ಸವಣೂರ ಖಾರಾದ ಪೊಟ್ಟಣ ಕೈಗಿಟ್ಟು ಕಳಿಸಿದ. ಈ ಕತೆಯನ್ನು ಕಾಕಾ ತಾವೇ ಹೇಳಿ ತಾವೇ ನಗುತ್ತಿದ್ದರು. ಕಾಕು ಮಾತ್ರ ಒಮ್ಮೆಯೂ ನಗಲಿಲ್ಲ.

ನನ್ನ ಅವ್ವನ ಫೋಟೋ ತೆಗೆದವರೂ ಅವರೇ.

ನನಗಾಗ ಹತ್ತು ವರ್ಷ. ಅವ್ವ ಬತ್ತದ ನಾಟಿಗೆ ಕೂಲಿ ಹೋಗುವವಳು. ಮೂರು ದಿನದ ಜ್ವರಕ್ಕೆ ಹೋದಳು. ಆಕೆಯ ಮುಖ ಸರಿಯಾಗಿ ಕಾಣುವ ಒಂದು ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿ ಕೂತಿದ್ದಾಳೆ, ಮೇಲೆ ಬಾಸಿಂಗ ಬೇರೆ. ಮತದಾರರ ಚೀಟಿಯಲ್ಲಿ ಮಸಿಯ ಉಂಡೆಗೆ ಸೀರೆ ಸುತ್ತಿದ ಹಾಗಿದೆ. ಹಾಗಾಗಿ ಅಪ್ಪ ಕಾಕಾರನ್ನು ಕರೆಸಿದ. ಆ ದಿನದ ನೆನಪು ನನಗೆ ಚೂರು ಚೂರಾಗಿ ಇದೆ. ಯಾರದೋ ಮಡಿಲಲ್ಲಿ ನನ್ನನ್ನು ಒತ್ತಿ ಹಿಡಿದಿದ್ದರು. ಕಾಕಾ ಕ್ಯಾಮೆರಾ ಎತ್ತಿ, ಮತ್ತೆ ಇಳಿಸಿ, “ಸ್ವಲ್ಪ ತಡೀರಿ” ಅಂದಿದ್ದರು. ಅದು ಅವರು ಯಾವಾಗಲೂ ಹೇಳುವ ಮಾತು.

ಆಮೇಲೆ ಒಂದು ದಿನ ಅಪ್ಪ ನನ್ನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದ. ಕಾಕಾ ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂಡಿಸಿ, “ಸಾಲಿಗೆ ಒಂದ ಫೋಟೋ ಬೇಕಂತ” ಅಂದರು. ನಾನು ಕ್ಯಾಮೆರಾ ನೋಡಿದೆ. “ಇಲ್ಲಿ ಬ್ಯಾಡ. ಬಾಗಲ ಕಡೆ ನೋಡು. ನಿಮ್ಮವ್ವ ಸಂತಿ ಮುಗಿಸಿಕೊಂಡು ಬಂದು ನಿಂತಾಳ ಅಂತ ತಿಳ್ಕೊ” ಅಂದರು. ನಾನು ನೋಡಿದೆ. ದೀಪ ಒಮ್ಮೆ ಮಿಂಚಿತು. ಶಾಲೆಯವರು ಆ ಫೋಟೋ ಕೇಳಲೂ ಇಲ್ಲ, ನಾನು ಅದನ್ನು ನೋಡಲೂ ಇಲ್ಲ. ಮರೆತೇಬಿಟ್ಟೆ.

ಅವ್ವನ ಫೋಟೋ ಬಂತು. ಬುದ್ಧನ ಚಿತ್ರದ ಪಕ್ಕದಲ್ಲಿ ಅಪ್ಪ ಮೊಳೆ ಹೊಡೆದು ತೂಗುಹಾಕಿದ. ಅವ್ವ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅಡುಗೆಮನೆಗೆ ಹೋದರೂ ನೋಡುತ್ತಿದ್ದಳು, ಪುಸ್ತಕ ಹಿಡಿದು ಕೂತರೂ ನೋಡುತ್ತಿದ್ದಳು. ಬಂದವರೆಲ್ಲ ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡಿ, “ಕಣ್ಣ ಮಾತ್ರ ಅವ್ವನವ ಬಂದಾವ ನೋಡು ಇಕಿಗೆ” ಅನ್ನುತ್ತಿದ್ದರು. ನನಗೆ ಎಂಥ ಹೆಮ್ಮೆ! ಕನ್ನಡಿ ಮುಂದೆ ನಿಂತು ಕಾಡಿಗೆ ಹಚ್ಚುವಾಗ ಅವ್ವನ ಕಣ್ಣಿಗೇ ಹಚ್ಚುತ್ತಿದ್ದೇನೆ ಅಂದುಕೊಳ್ಳುತ್ತಿದ್ದೆ. ಅವ್ವ ಬಿಟ್ಟು ಹೋದ ಆಸ್ತಿ ಅಂತ ನನ್ನ ಹತ್ತಿರ ಇದ್ದದ್ದು ಅಷ್ಟೇ.

ಇನ್ನೊಂದು ಮಾತೂ ಮನಸ್ಸಿನಲ್ಲಿ ಉಳಿದಿತ್ತು, ಅದು ಒಳ್ಳೆಯದಲ್ಲ. ಅವ್ವ ಸತ್ತಾಗ ಅಪ್ಪ ಅಳಲಿಲ್ಲ. ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಗಂಗಾಳದ ತುಂಬ ಅನ್ನ ಹಾಕಿಸಿಕೊಂಡು, ತಲೆ ಎತ್ತದೆ ಉಂಡ. ನಾನು ಕಂಬದ ಹಿಂದೆ ನಿಂತು ನೋಡಿದೆ. ಆ ತುತ್ತುಗಳನ್ನು ಎಷ್ಟು ವರ್ಷವಾದರೂ ನನಗೆ ಕ್ಷಮಿಸಲಾಗಲಿಲ್ಲ. ಅಪ್ಪನ ಜತೆ ಜಗಳ ಆಡಿದವಳಲ್ಲ ನಾನು, ಆದರೆ ಮಾತನ್ನು ಅಳೆದು ಸುರಿಯುತ್ತಿದ್ದೆ.

ಈಗ ನಾನು ಶಿಗ್ಗಾಂವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ನನಗೊಂದು ಹುಚ್ಚು ಹತ್ತಿತು. ಅವ್ವನ ಸಾವಿನ ಮೇಲೆ ಇಪ್ಪತ್ತು ನಿಮಿಷದ ಸಿನಿಮಾ ಮಾಡಬೇಕು. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರಿಗೆ ನನಗಿಂತ ಹೆಚ್ಚು ಹುಚ್ಚು. ಮಕ್ಕಳ ಕಾರ್ಯಕ್ರಮ ಚಿತ್ರೀಕರಿಸಿ ಕೈ ಪಳಗಿದವರು, ಒಳ್ಳೆಯ ಕ್ಯಾಮೆರಾವೊಂದನ್ನು ಕೊಂಡುಕೊಂಡು ಕಾರಣ ಹುಡುಕುತ್ತ ಕೂತಿದ್ದರು. ನಾನು ಕತೆ ಬರೆದೆ. ಅದು ಶುರುವಾಗುವುದೇ ಗಂಗಾಳದಿಂದ. ಕಲ್ಲಿನಂಥ ಗಂಡ ಉಣ್ಣುತ್ತಾನೆ, ಸುತ್ತ ಹೆಂಗಸರು ಅಳುತ್ತಾರೆ, ಮಗಳು ಗೋಡೆಯ ಮೇಲಿನ ಅವ್ವನ ಕಣ್ಣು ನೋಡುತ್ತಾಳೆ. ಕೊನೆಗೆ ಮಗಳು ಕನ್ನಡಿಯಲ್ಲಿ ಅದೇ ಕಣ್ಣುಗಳನ್ನು ಕಾಣುತ್ತಾಳೆ. ಬರೆದು ಮುಗಿಸಿದಾಗ ನನಗೇ ಅಳು ಬಂತು, ಹಾಗಾಗಿ ಚೆನ್ನಾಗಿದೆ ಅಂದುಕೊಂಡೆ.

ಸಾವಿನ ಮನೆಯ ವಿವರಗಳನ್ನು ತಿದ್ದಿಸಿಕೊಳ್ಳಲು ಕಾಕಾರ ಹತ್ತಿರ ಹೋದೆ. ಆಗ ಅವರ ಸ್ಟುಡಿಯೋದಲ್ಲಿ ಝೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಎಲ್ಲರ ಕಿಸೆಯಲ್ಲೂ ಫೋಟೋ ಇರುವ ಕಾಲ. ಯಾರ ಕಣ್ಣನ್ನೂ ತೆರೆಸಬೇಕಾಗಿಲ್ಲ. ನಾನು ಬೆಂಚಿನ ಮೇಲೆ ಕೂತು ಕತೆಯನ್ನು ಓದಿದೆ. ಕಾಕಾ ಎಡಗಣ್ಣು ಮುಚ್ಚಿಕೊಂಡೇ ಕೇಳಿದರು.

“ನಿನ್ನ ಸಿನಿಮಾದಾಗ ಅಳೋರು ಬಾಳ ಆದ್ರು ತಂಗಿ” ಅಂದರು.

“ಸತ್ತ ಮನಿ ಅಲ್ಲೇನ್ರಿ ಕಾಕಾ? ನಗಬೇಕೇನು?”

“ಅಳೂದು ಎಲ್ಲಾರಿಗೂ ಬರ್ತೈತಿ. ಬಾಜೂಮನಿಯಾಕಿಗೂ ಬರ್ತೈತಿ. ನಾ ಏನ್ ಮಾಡ್ತಿದ್ದೆ ಗೊತ್ತೇನು? ಕ್ಯಾಮೆರಾ ಎತ್ತತಿದ್ದೆ, ಇಳಸ್ತಿದ್ದೆ. ‘ಸ್ವಲ್ಪ ತಡೀರಿ’ ಅಂತಿದ್ದೆ. ಏನೂ ಕೆಲಸ ಇರತಿರಲಿಲ್ಲ, ಸುಮ್ಮನ. ಆವಾಗ ಒಬ್ಬರು ಎದ್ದು ಬರ್ತಾರ. ಸತ್ತವರ ಸೆರಗೋ ಟೊಪ್ಪಿಗಿಯೋ ಸರಿ ಮಾಡಿ ಹೋಗ್ತಾರ. ಫೋಟೋದಾಗ ಚಂದ ಕಾಣ್ಲಿ ಅಂತ. ಆ ಮನ್ಯಾಗ ಖರೇ ದುಃಖ ಯಾರಿಗೈತಿ ಅಂತ ನನಗ ಅಲ್ಲೇ ತಿಳೀತಿತ್ತು. ಅವರು ಅಳ್ತಿರಲಿಲ್ಲ ನೋಡು, ಬಾಳ ಸಲ.”

ನಾನು ತಲೆಯಾಡಿಸಿದೆ. ಬರೆದುಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಹೊಗಳಿಕೆ ಬೇಕಿತ್ತು, ಪಾಠ ಬೇಕಿರಲಿಲ್ಲ.

“ಮತ್ತ ಆ ಉಣ್ಣಾಂವನ್ನ ಅಷ್ಟ ಕೆಟ್ಟವನ್ನ ಮಾಡಬ್ಯಾಡ” ಅಂದರು.

“ಅವತ್ತ ಅಂವ ಉಂಡಿದ್ದನ್ನ ನೀವು ನೋಡೀರೇನು?” ಎಂದು ನಾನು ಸಿಡಿದೆ. ಕಾಕು ಚಹಾ ತಂದಳು, ಕುಡಿದು ಎದ್ದು ಬಂದೆ.

ಕೆಲವು ದಿನಗಳ ನಂತರ ಅವ್ವನ ಫೋಟೋವನ್ನು ಗೋಡೆಯಿಂದ ಇಳಿಸಿ, ಶಿಗ್ಗಾಂವಿಗೆ ತಂದು, ಮಾಸ್ತರರು ಹತ್ತಿರದಿಂದ ಚಿತ್ರೀಕರಿಸಿದರು. ಸಂಜೆ ಶಾಲೆಯ ಲ್ಯಾಬಿನಲ್ಲಿ ಲ್ಯಾಪ್‌ಟಾಪ್ ತೆರೆದು ಕಣ್ಣುಗಳನ್ನು ದೊಡ್ಡದು ಮಾಡುತ್ತ ಹೋದರು. ಅವ್ವನ ಬಲಗಣ್ಣು ಪರದೆಯ ತುಂಬ ಹರಡಿಕೊಂಡಿತು. ಮಾಸ್ತರರು ಸಹಜವಾಗಿ ಕೇಳಿದರು: “ಮೇಡಂ, ನಿಮ್ಮ ಕಣ್ಣಾಗಿನ ಮಚ್ಚಿ ನಿಮ್ಮ ತಾಯಾರಿಗೂ ಇತ್ತೇನ್ರಿ?”

ನನ್ನ ಬಲಗಣ್ಣಿನ ಬಿಳಿಯ ಭಾಗದಲ್ಲಿ ಒಂದು ಕಂದು ಚುಕ್ಕೆ ಇದೆ. ಮಚ್ಚೆಯಲ್ಲ ಅದು. ಆರನೆಯ ವಯಸ್ಸಿನಲ್ಲಿ ಗದ್ದೆಯಲ್ಲಿ ಓಡುವಾಗ ಬತ್ತದ ಕಡ್ಡಿ ಚುಚ್ಚಿ ಉಳಿದ ಕಲೆ. ತಾಯಿಯಿಂದ ಮಗಳಿಗೆ ಬರುವಂಥದ್ದಲ್ಲ, ಮಗಳಿಂದ ತಾಯಿಗಂತೂ ಹೋಗುವಂಥದ್ದೇ ಅಲ್ಲ. ಅದೇ ಚುಕ್ಕೆ, ಅದೇ ಜಾಗದಲ್ಲಿ, ಅವ್ವನ ಕಣ್ಣಿನಲ್ಲಿ ಇತ್ತು. ಗುಡ್ಡೆಯ ಕಪ್ಪಿನಲ್ಲಿ ಬೆಳ್ಳಗೆ ಒಂದು ಸಣ್ಣ ಚೌಕ ಬೇರೆ. ಅವ್ವ ಕೂತಿದ್ದು ಮನೆಯ ಕಟ್ಟೆಯ ಮೇಲೆ, ಬಯಲಿನಲ್ಲಿ. ಆ ಚೌಕ ಒಂದು ಬಾಗಿಲು, ಸ್ಟೂಲಿನ ಮೇಲೆ ಕೂತು ನಾನು ನೋಡಿದ್ದ ಸ್ಟುಡಿಯೋದ ಬಾಗಿಲು. ಪ್ರತಿ ವರ್ಷ ಹತ್ತನೆಯ ತರಗತಿಗೆ ಮನುಷ್ಯನ ಕಣ್ಣಿನ ಪಾಠ ಮಾಡುವವಳು ನಾನು. ಇಪ್ಪತ್ತು ವರ್ಷ ದಿನಾ ನೋಡಿದ ಕಣ್ಣು ನನ್ನದೇ ಎಂದು ತಿಳಿಯಲಿಲ್ಲ.

ನನಗೆ ಎಷ್ಟು ಸಿಟ್ಟು ಬಂತೆಂದರೆ, ಮಾಸ್ತರರಿಗೆ ಏನೂ ಹೇಳದೆ ಎದ್ದು ಬಂದೆ. ಮರುದಿನ ರಜೆ ಹಾಕಿ, ಹಾನಗಲ್ಲಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅಕ್ಕಿಆಲೂರಿನಲ್ಲಿ ಇಳಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವ್ವನ ಕಣ್ಣು ಹೇಗಿದ್ದವು? ನೆನಪು ಮಾಡಿಕೊಳ್ಳಲು ಹೋದರೆ ಆ ಫೋಟೋವೇ ಅಡ್ಡ ಬರುತ್ತಿತ್ತು. ಅವ್ವನ ಮುಖದಲ್ಲಿ ನಾನೇ ಕೂತು ಅವ್ವನನ್ನು ಹೊರಗೆ ಹಾಕಿದ್ದೆ.

ಕಾಕಾ ಯಾರದೋ ಆಧಾರ್ ಕಾರ್ಡನ್ನು ಲ್ಯಾಮಿನೇಷನ್ ಮಾಡುತ್ತಿದ್ದರು.

“ಕಾಕಾ, ಅವ್ವನ ಫೋಟೋದಾಗಿನ ಕಣ್ಣ ಯಾರವು?”

ಅವರು ಕಾರ್ಡನ್ನು ಮಷೀನಿನಿಂದ ಹೊರಗೆ ಎಳೆದರು. ಗಿರಾಕಿಗೆ ಅದನ್ನು ಕೊಟ್ಟು ಕಳಿಸಿ, ಬಾಗಿಲಿನ ಪರದೆ ಇಳಿಸಿದರು. “ಯಾವಾಗರ ಕೇಳ್ತಿ ಅಂತ ಗೊತ್ತಿತ್ತು” ಅಂದರು. “ಇಷ್ಟ ವರ್ಷ ಹಿಡೀತೈತಿ ಅಂತ ಗೊತ್ತಿರಲಿಲ್ಲ. ಸಾಲ್ಯಾಗ ಕಣ್ಣಿನ ಪಾಠಾ ಮಾಡಾಕಿ ಮತ್ತ.”

ನನಗೆ ನಗು ಬರಲಿಲ್ಲ. “ಇಪ್ಪತ್ತ ವರ್ಷ ನಾ ನನ್ನ ಮುಂದ ನಾನ ಕುಂತು ಅತ್ತೇನಿ ಕಾಕಾ! ನಮ್ಮವ್ವನ್ನ ನನ್ನ ಕಡಿಂದ ಕಸಗೊಂಡ್ರಿ ನೀವು!” ಎಂದು ಕೂಗಿದೆ. ಒಳಗಿನಿಂದ ಕಾಕು ಬಾಗಿಲಿಗೆ ಬಂದು ನಿಂತಳು. ಹಿರಿಯರ ಮುಂದೆ ನಾನು ಎಂದೂ ಹಾಗೆ ದನಿ ಎತ್ತಿದವಳಲ್ಲ.

“ಕುಂದ್ರು” ಅಂದರು ಕಾಕಾ. ನಾನು ಕೂರಲಿಲ್ಲ. ಅವರೇ ಸ್ಟೂಲಿನ ಮೇಲೆ ಕೂತು ಹೇಳಿದರು. ಬ್ರಷ್ ಹಿಡಿದು ಕಣ್ಣು ಬರೆಯಲು ಅವರಿಗೆ ಬರುತ್ತಿತ್ತು. ಶುರುವಿನಲ್ಲಿ ಹಾಗೇ ಮಾಡಿದರು. ಆದರೆ ಬರೆದ ಕಣ್ಣು ಯಾರನ್ನೂ ನೋಡುವುದಿಲ್ಲ. ಹಾಗಾಗಿ ಸತ್ತವರ ಮಗನದೋ ತಂಗಿಯದೋ ಒಂದು ಫೋಟೋ ತೆಗೆದು, ಅದೇ ಅಳತೆಗೆ ದೊಡ್ಡದು ಮಾಡಿ, ಕಣ್ಣನ್ನು ಕತ್ತರಿಸಿ ಅಂಟಿಸಿ, ಅಂಚಿಗೆ ಬಣ್ಣ ತೀಡಿ, ಒಟ್ಟು ಸೇರಿಸಿ ಮತ್ತೊಂದು ಫೋಟೋ ತೆಗೆಯುತ್ತಿದ್ದರು. ಎಷ್ಟೋ ಮನೆಗಳಲ್ಲಿ ಮಕ್ಕಳ ಕಣ್ಣಿನಿಂದ ಅಪ್ಪಂದಿರು ನೋಡುತ್ತಿದ್ದಾರೆ. ಒಬ್ಬರಿಗೂ ಹೇಳಿಲ್ಲ.

“ನಮ್ಮ ಅಪ್ಪಗೂ?”

ಎಡಗಣ್ಣು ಮುಚ್ಚಿತು. “ನಿಮ್ಮಪ್ಪಗ ಗೊತ್ತೈತಿ. ಅಂವಗ ಒಬ್ಬಗ ಹೇಳಿದ್ದೆ. ಅಂವ ಮದಲ ಬ್ಯಾಡ ಅಂದಿದ್ದ. ‘ಆಕಿ ಕಣ್ಣ ಮುಚ್ಚೇ ಇರ್ಲಿ ಕಾಕಾ. ಜಲ್ಮದಾಗ ಕಣ್ತುಂಬ ನಿದ್ದಿ ಮಾಡಿದಾಕಿ ಅಲ್ಲ. ಮಲಗ್ಲಿ’ ಅಂದ. ನಾನೂ ಹಂಗ ಪ್ರಿಂಟ್ ಹಾಕಿ ಇಟ್ಟಿದ್ದೆ. ಒಯ್ಯಾಕ ಬಂದಾಗ ನೀನೂ ಬಂದಿದ್ದಿ. ಪ್ರಿಂಟ್ ನೋಡಿದಾಕಿನ ಈ ಟೇಬಲ್ ಕೆಳಗ ಹೊಕ್ಕೊಂಡಿ. ‘ಅವ್ವ ನನ್ನ ನೋಡವಲ್ಲಳು, ಅವ್ವ ನನ್ನ ನೋಡವಲ್ಲಳು’ ಅಂತ ಒಂದ ಸವನ ಅತ್ತಿ. ನಿಮ್ಮಪ್ಪ ಹೊರಗ ಹೋಗಿ ಒಂದ ಬೀಡಿ ಸೇದಿ ಬಂದ. ಬಂದು ಅಂದ, ‘ತೆರಸ್ರಿ ಕಾಕಾ. ಯಾರ ಕಣ್ಣರ ಹಾಕ್ರಿ. ಆಕಿ ಈಕಿನ್ನ ನೋಡಬೇಕು, ಅಷ್ಟ’ ಅಂದ.”

ನಾನು ಆಗ ಕೂತೆ.

ಕಾಕು ನೀರು ತಂದುಕೊಟ್ಟಳು. ಕಾಕಾ ಎದ್ದು ಹೋಗಿ ಕಬ್ಬಿಣದ ಕಪಾಟು ತೆರೆದರು. ಒಳಗೆ ಊರೂರಿನ ಹೆಸರು ಬರೆದ ಲಕೋಟೆಗಳು ಒತ್ತಾಗಿ ನಿಂತಿದ್ದವು. ಹಿರೇಕೆರೂರು ಕಡೆಯವು ಒಂದು ಸಾಲು, ಹಾನಗಲ್ಲು ಕಡೆಯವು ಎರಡು. ನಮ್ಮ ಹಳ್ಳಿಯ ಲಕೋಟೆಯಿಂದ ನಾಲ್ಕು ನೆಗೆಟಿವ್ ತೆಗೆದು ನನ್ನ ಕೈಗಿಟ್ಟರು.

“ಒಂದು ಚೊಕ್ಕ ಬಂದಿದ್ದು. ಮೂರು ಕೆಟ್ಟಾವು. ಕೆಟ್ಟಿದ್ದನ್ನ ನಾ ಒಗೀತಿದ್ದೆ. ಇವನ್ನ ಒಗೀಲಿಲ್ಲ. ಹಿಡದು ನೋಡು.”

ಪರದೆ ಸರಿಸಿ ಬಾಗಿಲ ಬೆಳಕಿಗೆ ಹಿಡಿದೆ. ಅವ್ವ ಗೋಡೆಗೆ ಆನಿಕೊಂಡು ಕೂತಿದ್ದಳು. ನೆಗೆಟಿವಿನಲ್ಲಿ ಕೂದಲು ಬಿಳಿ, ಮುಖ ಕಪ್ಪು, ಕಣ್ಣು ಮುಚ್ಚಿದೆ. ಕೆಟ್ಟವುಗಳ ಪೈಕಿ ಮೊದಲನೆಯದರಲ್ಲಿ ಪಕ್ಕದಿಂದ ಒಂದು ಕೈ ಬಂದು ಸೆರಗಿನ ಅಂಚು ಹಿಡಿದಿದೆ. ಎರಡನೆಯದರಲ್ಲಿ ಆ ಕೈ ಭುಜದ ಮೇಲಿನ ನೆರಿಗೆ ತೀಡುತ್ತಿದೆ. ಮೂರನೆಯದರಲ್ಲಿ ಹಿಂದೆ ಸರಿಯುತ್ತಿದೆ, ಇನ್ನೂ ಬಿಟ್ಟಿಲ್ಲ. ಕಿರುಬೆರಳಿನ ತುದಿ ಇಲ್ಲದ ಬಲಗೈ. ದನಗಳ ಮೇವಿಗೆ ಕಣಕಿ ಕತ್ತರಿಸುವಾಗ ಹೋದದ್ದು ಅದು. ನಮ್ಮ ಅಪ್ಪನ ಕೈ.

“ನಾ ಒತ್ತೂದ್ರಾಗ ಮತ್ತ ಎದ್ದ ಬರ್ತಿದ್ದ” ಅಂದರು ಕಾಕಾ. “ಸುಮ್ಮನ ಕುಂದ್ರೋ ಮಾರಾಯ ಅಂತ ಬೈದೆ. ಮೂರು ಸಲ ಬಂದ. ಮೂರು ದಿನ ಅಂವ ನೀರ ಬಿಟ್ಟು ಏನೂ ಮುಟ್ಟಿರಲಿಲ್ಲ. ಕಡೀಕ ಮೂರನೇ ದಿನ ನಿಮ್ಮ ಮನೀಗೆ ಬಂದು ನಾನ ಬೈದೇನಿ ಅಂವನ್ನ. ‘ನೀ ಬಿದ್ರ ಆ ಕೂಸಿಗೆ ಯಾರ ಅದಾರೋ, ಉಣ್ಣು’ ಅಂದೆ. ಅದಕ್ಕ ಉಂಡ.”

ನಾನು ಕಾಕಾರ ಮುಂದೆ ಮುಚ್ಚುಮರೆಯಿಲ್ಲದೆ ಅತ್ತೆ. ಈ ಸಲ ನನ್ನದೇ ಕಣ್ಣಿನ ಮುಂದೆ ಕೂತು ಅಲ್ಲ. ಕಾಕು ನನ್ನ ಬೆನ್ನು ತೀಡುತ್ತ ಗಂಡನನ್ನೇ ಬೈದಳು, ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಕ್ಕೆ.

ನನ್ನ ಕತೆಯನ್ನು ಹರಿದು ಒಗೆದೆ. ಅಳುವ ಹೆಂಗಸರು ಹೋದರು, ಕಲ್ಲಿನಂಥ ಗಂಡ ಹೋದ, ಕನ್ನಡಿಯೂ ಹೋಯಿತು. ಸಿನಿಮಾ ಕಾಕಾರ ಕೈಗಳ ಬಗ್ಗೆ ಆಯಿತು. ಅವರು ಮುಖ ತೋರಿಸಲು ಒಪ್ಪಲಿಲ್ಲ. “ನಾ ಕ್ಯಾಮೆರಾದ ಈ ಕಡೆಯಾಂವ, ಆ ಕಡೆ ಬ್ಯಾಡ” ಅಂದರು. ಕತ್ತರಿ ಹಿಡಿದು ಹಳೆಯ ಪ್ರಿಂಟಿನಿಂದ ಕಣ್ಣು ಕತ್ತರಿಸಿ ತೋರಿಸಿದರು. ಸಾವಿನ ಮನೆಗಳಲ್ಲಿ ತಾವು ಕಾಯುತ್ತಿದ್ದದ್ದನ್ನು ಹೇಳಿದರು. ಗದ್ದದ ಕತೆಯನ್ನೂ ಹೇಳಿದರು, ಅದನ್ನೂ ಇಟ್ಟುಕೊಂಡೆ. ಸಿನಿಮಾದ ಕೊನೆಯಲ್ಲಿ ಮೂರು ಕೆಟ್ಟ ಫೋಟೋಗಳು ಒಂದಾದ ಮೇಲೊಂದು ಬರುತ್ತವೆ. ಮಾತಿಲ್ಲ.

ಮುಗಿಸುವ ಮುಂಚೆ ಅಪ್ಪನಿಗೆ ತೋರಿಸದೆ ಇರಲಾಗಲಿಲ್ಲ. ಮನೆಯ ಕಟ್ಟೆಯ ಮೇಲೆ, ಅವ್ವ ಕೂತಿದ್ದ ಜಾಗದಲ್ಲೇ ಲ್ಯಾಪ್‌ಟಾಪ್ ಇಟ್ಟೆ. ಅಪ್ಪ ನೋಡಿದ. ಕೊನೆಗೆ ಆ ಕೈ ಬಂದಾಗ ತನ್ನ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ, ಯಾರೋ ತ‍ಪ್ಪು ಹಿಡಿದಂತೆ.

“ಕಾಕಾ ಇವನ್ನ ಒಗದಿರಲಿಲ್ಲೇನು?” ಅಂದ.

“ಇಲ್ಲಪ್ಪಾ.”

“ಇಟ್ಟಾರಲ್ಲ” ಎಂದು ತನಗೇ ಹೇಳಿಕೊಂಡ. ಆಮೇಲೆ, “ನೀ ಉಂಡಿಯೇನು?” ಎಂದು ಕೇಳಿದ. ನಾನು ಇಲ್ಲವೆಂದೆ. ಅಂದು ಇಬ್ಬರೂ ಒಟ್ಟಿಗೆ ಕೂತು ಉಂಡೆವು. ಹಾಗೆ ಉಂಡು ಎಷ್ಟೋ ವರ್ಷವಾಗಿತ್ತು.

ಕಾಕಾರಿಗೆ ಸ್ಟುಡಿಯೋದಲ್ಲೇ ತೋರಿಸಿದೆವು. ಇಪ್ಪತ್ತು ನಿಮಿಷವೂ ಎಡಗಣ್ಣು ಮುಚ್ಚಿಯೇ ಇತ್ತು. ಮುಗಿದ ಮೇಲೆ ಮಾಸ್ತರರು ಕೈ ಕಟ್ಟಿಕೊಂಡು ಕಾಯುತ್ತ ನಿಂತರು. “ಎಲ್ಲಾ ಬರೋಬ್ಬರಿ ಐತಿ” ಅಂದರು ಕಾಕಾ. “ಆ ಕೈ ಮ್ಯಾಲ ಮಾತ್ರ ಇನ್ನೂ ಸ್ವಲ್ಪ ತಡೀಬೇಕಿತ್ತು. ಲಗೂನ ಓಡಿಸೀರಿ.” ನಾವು ನಾಲ್ಕು ಸೆಕೆಂಡು ಹೆಚ್ಚಿಸಿದೆವು. ಅವರು ಹೇಳಿದ್ದು ಸರಿ. ಸಿನಿಮಾ ನೋಡಿದವರು ಮೂಗು ಒರೆಸಿಕೊಳ್ಳುವುದು ಆ ನಾಲ್ಕು ಸೆಕೆಂಡುಗಳಲ್ಲೇ.

ಈ ಚಳಿಗಾಲದಲ್ಲಿ ಕಾಕಾ ಹೋದರು. ಬೆಳಗ್ಗೆ ಚಹಾ ಕುಡಿದು ಕಪ್ಪು ಕೆಳಗಿಟ್ಟವರು ಮತ್ತೆ ಏಳಲಿಲ್ಲವಂತೆ. ಕಾಕು ನನಗೆ ಫೋನು ಮಾಡಿಸಿ ಹೇಳಿಸಿದ್ದು ಒಂದೇ ಮಾತು, ಫೋಟೋ ನೀನೇ ತೆಗೆಯಬೇಕು ಎಂದು. ಮಾಸ್ತರರ ಕ್ಯಾಮೆರಾ ಸಮೇತ ಇಬ್ಬರೂ ಬಂದೆವು. ಸ್ಟುಡಿಯೋದ ಒಳಗೋಡೆಗೆ ಆನಿಸಿ ಕೂಡಿಸಿದ್ದರು. ಬಿಳಿ ಅಂಗಿ, ಮೇಲೆ ಹೊಸ ಶಾಲು. ಹಿಂದೆ ಕಾಕು ಕೂತು, ತನ್ನ ಎರಡೂ ಕೈಯಲ್ಲಿ ಅವರ ಗದ್ದ ಎತ್ತಿ ಹಿಡಿದಿದ್ದಳು. ಪಟ್ಟಿ ಕಟ್ಟಲು ಬಿಟ್ಟಿರಲಿಲ್ಲವಂತೆ.

ನಾನು ಕ್ಯಾಮೆರಾ ಎತ್ತಿದೆ. ಇಳಿಸಿದೆ. “ಸ್ವಲ್ಪ ತಡೀರಿ” ಅಂದೆ. ಹಾಗೆ ಹೇಳಬೇಕೆಂದು ಹೇಳಿದ್ದಲ್ಲ, ಬಂತು. ಯಾರೂ ಮುಂದೆ ಬರಲಿಲ್ಲ. ಕಾಕುವಿನ ಎರಡೂ ಕೈ ಗದ್ದದಲ್ಲಿದ್ದವು. ಕ್ಯಾಮೆರಾ ಮಾಸ್ತರರ ಕೈಗೆ ಕೊಟ್ಟು ನಾನೇ ಹೋಗಿ ಶಾಲಿನ ಅಂಚು ಸರಿ ಮಾಡಿದೆ. ವಾಪಸ್ಸು ಬಂದು ನೋಡಿದರೆ ಅದು ಇನ್ನೂ ಸೊಟ್ಟ ಅನ್ನಿಸಿತು, ಮತ್ತೆ ಹೋದೆ.

ಮಣ್ಣು ಮುಗಿಸಿ ಬಂದ ಮೇಲೆ ಕಾಕು ನನ್ನನ್ನು ಬೆಂಚಿನ ಮೇಲೆ ಕೂಡಿಸಿಕೊಂಡಳು. ಅವರಿಗೆ ಮಕ್ಕಳಿಲ್ಲ. ಕಾಕಾರ ಒಂದು ಒಳ್ಳೆಯ ಫೋಟೋವೂ ಇಲ್ಲ. ಆಧಾರ್ ಕಾರ್ಡಿನಲ್ಲಿ ಇದ್ದದ್ದನ್ನು ನೋಡಿ ಕಾಕುವೇ, “ಈ ಕಳ್ಳ ಯಾರಂತ?” ಅಂದಿದ್ದಳು.

“ಕಣ್ಣ ತೆರಸ್ತಿಯೇನು ಯವ್ವಾ?” ಎಂದು ಕೇಳಿದಳು.

“ಯಾರ ಕಣ್ಣ ಹಾಕೂಣ್ರಿ ಕಾಕು? ಅವರ ಪೈಕಿ ಯಾರಾದ್ರೂ—”

“ಯಾರೂ ಬ್ಯಾಡ. ನಿನ್ನದ ಹಾಕು. ಅವರು ನಿನ್ನ ಕಡಿಂದ ಎರಡ ತಗೊಂಡಿದ್ರಲ್ಲ, ನಮಗ ಎರಡ ಬೇಕಿಲ್ಲ. ಬಲಗಡೀದು ಒಂದ ಸಾಕು. ಎಡಗಡೀದು ಹಂಗ ಮುಚ್ಚೇ ಇರ್ಲಿ.”

ಹತ್ತು ವರ್ಷದವಳಿದ್ದಾಗ ಕೂತಿದ್ದ ಅದೇ ಸ್ಟೂಲಿನ ಮೇಲೆ ಕೂತೆ. ಮಾಸ್ತರರು ಕ್ಯಾಮೆರಾ ಹಿಡಿದರು. ನಾನು ಬಾಗಿಲ ಕಡೆ ನೋಡಿದೆ. ಆ ದಿನ ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಾಳೆ ಅಂದುಕೊಂಡು ನೋಡಿದ್ದೆ. ಈ ಸಲ ಇಬ್ಬರು ನಿಂತಿದ್ದರು. ಲ್ಯಾಪ್‌ಟಾಪಿನಲ್ಲಿ ಕಣ್ಣು ಕೂಡಿಸುವಾಗ ಕಂದು ಚುಕ್ಕೆಯನ್ನು ಅಳಿಸಲಿಲ್ಲ.

ಆ ಫೋಟೋ ಈಗ ಸ್ಟುಡಿಯೋದಲ್ಲಿ, ಬೆಂಚಿನ ಎದುರಿಗೆ ಇದೆ. ಝೆರಾಕ್ಸ್ ಅಂಗಡಿಯನ್ನು ಕಾಕುವೇ ನಡೆಸುತ್ತಾಳೆ. ಹೋದ ತಿಂಗಳು ನಾನು ಅಲ್ಲಿ ಕೂತಿದ್ದಾಗ, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೈಸ್ಕೂಲು ಹುಡುಗಿಯರು ಚುರುಮುರಿ ತಿನ್ನುತ್ತ ಫೋಟೋ ನೋಡಿ ಕಿಸಕ್ಕೆಂದರು. ಒಬ್ಬಳು, “ಕಾಕೂ, ಅಜ್ಜಾರು ಕಣ್ಣ ಹೊಡ್ಯಾಕತ್ತಾರ ನೋಡ್ರಿ” ಅಂದಳು.

ಕಾಕು ಮಷೀನಿನಿಂದ ತಲೆ ಎತ್ತದೆ ಹೇಳಿದಳು: “ಇಲ್ಲವಾ. ಕೇಳಾಕತ್ತಾರ. ಏನರ ಹೇಳೂದಿದ್ರ ಹೇಳು.”